ಹಸಿರು ಅನ್ನೋ ಶಾಯಿ

ಸುಲ್ತಾನಪೇಟೆಯ ನಮ್ಮ ಪ್ರೆಸ್ಸಿಗೆ
ಚುನಾವಣೆ ಬಂದರೆ ಸುಗ್ಗಿ.
ಬೆಳಿಗ್ಗೆ ಒಬ್ಬರ ನಗುಮುಖ, ಮಧ್ಯಾಹ್ನ
ಅವರನ್ನೇ ಬೈದು ಇನ್ನೊಬ್ಬರ ಕರಪತ್ರ.
ನಡುವೆ ಸೀಮೆಎಣ್ಣೆ ಬಟ್ಟೆಯಲ್ಲಿ
ರೋಲರು ಒಂದು ಸಲ ಒರೆಸುತ್ತೇನೆ, ಅಷ್ಟೆ.

ಪಕ್ಷ ಅಂದರೆ ಹದಿನೈದು ದಿನ ಅಂತ
ಪಂಚಾಂಗ ಅಚ್ಚು ಹಾಕುವಾಗಲೇ ಕಲಿತವನು ನಾನು:
ಹುಣ್ಣಿಮೆಗೊಂದು, ಅಮಾವಾಸ್ಯೆಗೊಂದು,
ಕಾಗೆ ಕರೆದು ಅನ್ನ ಇಡುವುದಕ್ಕೊಂದು.

ಹೊಂಬಾಳಯ್ಯ ಸೈಕಲ್ಲಿನಲ್ಲಿ ಬಂದರು.
ವಾಲ್ವ್‌ಮ್ಯಾನ್ ಆಗಿದ್ದವರು, ರಿಟೈರಾಗಿ ನಾಲ್ಕು ವರ್ಷ.
ಎಷ್ಟು ಸುತ್ತಿಗೆ ಯಾವ ಬೀದಿಯ ಕೊಡ ತುಂಬುತ್ತದೆ,
ಯಾರ ಫೋನಿಗೆ ಎಷ್ಟು ಸುತ್ತು ಹೆಚ್ಚು,
ಎಲ್ಲ ಆ ಕೈಗೆ ಗೊತ್ತು.
ಈಗ ಹಸಿರು ಪಕ್ಷದ ಅಭ್ಯರ್ಥಿ, ಸೀಗೆಕೆರೆ ವಾರ್ಡು.
‘ಎರಡು ಸಾವಿರ. ಸಣ್ಣ ಹಾಳೆ. ಫ್ಲೆಕ್ಸ್ ಬೇಡ.’
ಚಿಹ್ನೆಗೆ ಎಲೆ ಕೇಳಿದ್ದರಂತೆ.
ಸಿಕ್ಕಿದ್ದು ಇಟ್ಟಿಗೆ.
ಅವರೇ ಮೊದಲು ನಕ್ಕರು.

ಮರ ನೆಡೋಕೆ ಪಕ್ಷ ಯಾಕೆ ಸ್ವಾಮಿ, ಅಂದೆ,
ಗುಂಡಿ ತೋಡಿದರೆ ಸಾಲದೆ?
ಎಲ್ಲರ ಪ್ರಣಾಳಿಕೆಯಲ್ಲೂ ಏಳನೇ ಪುಟದಲ್ಲಿ ಕೆರೆ ಇದೆ,
ನಾನೇ ಅಚ್ಚು ಹಾಕಿದ್ದು.

‘ಮೂವತ್ತು ವರ್ಷ ವಾಲ್ವು ತಿರುಗಿಸಿದೆ.
ಇಷ್ಟೇ ತಿರುಗಿಸು ಅನ್ನೋ ಕೋಣೆಗೆ
ಒಂದು ದಿನವೂ ಹೋಗಲಿಲ್ಲ.
ಒಬ್ಬನೇ ಹೋದರೆ ಅರ್ಜಿ,
ನಾಲ್ಕು ಜನ ಹೋದರೆ ಗಲಾಟೆ.
ಪಕ್ಷ ಅಂದರೆ ಒಂದು ಕುರ್ಚಿಯಾದರೂ ಹಾಕಬೇಕಲ್ಲ.’

ನಾಲ್ಕು ಬಣ್ಣದ ಮಷೀನಿನಲ್ಲಿ
ಹಸಿರು ಅನ್ನೋ ಶಾಯಿ ಇಲ್ಲ.
ಮೊದಲು ನೀಲಿ ಓಡಬೇಕು,
ಆಮೇಲೆ ಅದರ ಮೈಮೇಲೆ ಹಳದಿ ಬೀಳಬೇಕು.
ಕೂದಲೆಳೆ ಸರಿದರೆ
ಒಂದಂಚು ನೀಲಿ, ಒಂದಂಚು ಹಳದಿ,
ನಡುವೆ ಉಳಿದಷ್ಟೇ ಹಸಿರು.

ಕೆಟ್ಟ ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿದರು.
‘ನಮ್ಮ ಮೀಟಿಂಗೂ ಹೀಗೇ.’
ಬೀದಿದೀಪಕ್ಕೆ ಅಡ್ಡ ಬಂದ ಹೊಂಗೆ ಕಡಿಯಬೇಕೋ ಬೇಡವೋ,
ಹನ್ನೊಂದೇ ಜನ, ಎರಡು ಬಣ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಕತ್ತಲಲ್ಲಿ ನಡೆದು ಬರುವ ಸಗಾಯಮೇರಿ
ಕಡಿಯಿರಿ ಅಂದಳಂತೆ.
ಕಡಿದರಂತೆ. ಒಂದು ಕೊಂಬೆ.
ಇಬ್ಬರು ಪಕ್ಷ ಬಿಟ್ಟರಂತೆ.

ಬಿದ್ದ ಮತ ಇನ್ನೂರ ಆರು. ಠೇವಣಿ ಹೋಯಿತು.
ಗೆದ್ದವರು ನನಗಿನ್ನೂ ನಲವತ್ತು ಸಾವಿರ ಕೊಡಬೇಕು.
ಇವರು ಮಾರನೆಯ ದಿನವೇ ಬಂದು
ಬಾಕಿ ಮುನ್ನೂರು ಎಣಿಸಿಟ್ಟು
ಮೂಲೆಯ ರದ್ದಿಯತ್ತ ಕೈ ತೋರಿಸಿದರು:
ಬಣ್ಣ ಕೂಡದೆ ಹಾಳಾದ ಹಾಳೆ,
ಹಿಂಬದಿ ಖಾಲಿ.
‘ಮುಂದಿನ ಮೀಟಿಂಗಿನ ನಡಾವಳಿ ಬರೆಯೋಕಾಗುತ್ತೆ.’

ಕ್ಯಾರಿಯರಿಗೆ ದಾರ ಸುತ್ತಿ ಕಟ್ಟಿಕೊಟ್ಟೆ.
ವೋಟು ಯಾರಿಗೆ ಅಂತ ಅವರು ಕೇಳಲಿಲ್ಲ,
ನನ್ನ ವಾರ್ಡು ಬೇರೆ.
ಸಂಜೆ ನಲ್ಲಿಯಲ್ಲಿ ಕೈ ತೊಳೆದೆ.
ಬೆರಳಿನ ನೀಲಿ
ಬೂತಿನದೋ ಮಷೀನಿನದೋ,
ಉಜ್ಜಿದರೂ ಗೊತ್ತಾಗಲಿಲ್ಲ.