ಹನ್ನೆರಡು ಹೆಜ್ಜೆ

ಕುಂಬಳೆಯ ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ
ಬೆಲ್ಲು ಹೊಡೆಯುವವನು ನಾನೇ, ಗ್ರೌಂಡಿಗೆ ಗೆರೆ ಹಾಕುವವನೂ ನಾನೇ.
ಹಾಲಿನಪುಡಿಯ ಹಳೇ ಡಬ್ಬಿ, ತಳದಲ್ಲಿ ಆಣಿಯಿಂದ ಹೊಡೆದ ತೂತು,
ಒಳಗೆ ಸುಣ್ಣ. ಸೊಂಟ ಬಗ್ಗಿಸಿ ನಡೆದರೆ
ಕೆಂಪು ಮುರಕಲ್ಲಿನ ನೆಲಕ್ಕೆ ಬಿಳಿ ಉದುರುತ್ತದೆ.
ಗೆರೆ ಎಳೆದವರ ಸುದ್ದಿ ಈ ಊರಿನಲ್ಲಿ ಎತ್ತಬೇಡಿ ಮಾರಾಯ್ರೆ,
ನಾನು ಹೇಳುವುದು ಫುಟ್‌ಬಾಲಿನದ್ದು ಮಾತ್ರ.

ಮೂರು ಸೊನ್ನೆಗೆ ಸೋತೆವು ನಿನ್ನೆ.
ಸೋಲಲಿ. ಸೋಲಿಗೆ ನನ್ನ ತಕರಾರಿಲ್ಲ.
ಬಂದ ಚೆಂಡನ್ನು ನಿಲ್ಲಿಸಲಿಕ್ಕೇ ಬರುವುದಿಲ್ಲವಲ್ಲ!
ಸುಹೈಲನ ಕಾಲಿಗೆ ತಾಗಿದ ಚೆಂಡು
ಸಾಲ ಕೊಟ್ಟವನನ್ನು ಕಂಡ ಹಾಗೆ ನಾಲ್ಕು ಮಾರು ಆಚೆ ಓಡುತ್ತದೆ.
ಯಜ್ಞೇಶನಿಗೆ ಎಡಗಾಲು ಉಂಟು, ಚಪ್ಪಲಿ ಹಾಕಲಿಕ್ಕೆ.
ಥ್ರೋ ಎಸೆಯುವಾಗ ಕಾಲು ಏಳುತ್ತದೆ, ರೆಫ್ರಿ ಊದುತ್ತಾನೆ,
ಮುಂದಿನ ಸಲ ಮತ್ತೆ ಏಳುತ್ತದೆ.
ಕಾರ್ನರ್ ಬಂತೋ, ಆರು ಜನ ಚೆಂಡನ್ನೇ ನೋಡುತ್ತಾ ನಿಂತರು,
ಪಯ್ಯನ್ನೂರಿನ ಆ ಗಿಡ್ಡನನ್ನು ಒಬ್ಬನೂ ನೋಡಲಿಲ್ಲ.
ಗಿಡ್ಡ! ತಲೆಯಲ್ಲಿ ಹೊಡೆದ! ಎರಡು ಸಲ!

ಜಿನೇಶ್ ಸರ್ ಹತ್ತಿರ ಒಂದು ಬೋರ್ಡು ಉಂಟು,
ಬೋರ್ಡಿಗೆ ಅಂಟುವ ಹನ್ನೊಂದು ನೀಲಿ ಬಿಲ್ಲೆ.
ನಾಲ್ಕು ಮೂರು ಮೂರು ಎನ್ನುತ್ತಾರೆ,
ಹಾಫ್‌ಟೈಮಿಗೆ ಮೂರು ಐದು ಎರಡು.
ಬಿಲ್ಲೆಗಳು ಎಷ್ಟು ಚಂದ ಆಡುತ್ತವೆ, ಒಂದೂ ಜಾರಿ ಬೀಳುವುದಿಲ್ಲ.
ಕಾಗುಣಿತ ಬಾರದವನಿಗೆ ಷಟ್ಪದಿ ಯಾಕೆ ಸರ್?
ಎರಡು ತಿಂಗಳು ಲೈಬ್ರರಿಯ ಹಿಂದಿನ ಗೋಡೆಗೆ ಹೊಡೆಸಿ.
ಬರಲಿ, ನಿಲ್ಲಿಸಲಿ, ಹೊಡೆಯಲಿ. ಬರಲಿ, ನಿಲ್ಲಿಸಲಿ.

ಇದನ್ನು ನಾನು ಅವರಿಗೆ ಹೇಳಲಿಲ್ಲ.
ಅಟೆಂಡರ್ ಹೇಳುವ ಮಾತಲ್ಲ ಇದು.
ಕಟ್ಟೆಯ ಮೇಲೆ ಅಂದುಂಞಿಯ ಪಕ್ಕ ಕೂತು ಕನ್ನಡದಲ್ಲಿ ಬೈದೆ,
ಅವನು ಬ್ಯಾರಿಯಲ್ಲಿ ಬೈದ, ಹಿಂದಿನಿಂದ ಯಾರೋ ಮಲಯಾಳದಲ್ಲಿ,
ಗೋಲಿ ಲ್ಯಾನ್ಸನ್ ತನಗೆ ತಾನೇ ಕೊಂಕಣಿಯಲ್ಲಿ.
ಚೆಂಡಿಗೆ ಒಂದೂ ಅರ್ಥವಾಗಲಿಲ್ಲ.

ಕಡೆಗೆ ಪೆನಾಲ್ಟಿ ಸಿಕ್ಕಿತು. ಒಂದಾದರೂ ಗೋಲು, ಮಾನಕ್ಕೆ.
ಯಜ್ಞೇಶ ಹೊಡೆದದ್ದು ಕಂಬಿಯ ಮೇಲೆ, ಪಾಗಾರದ ಮೇಲೆ,
ರೈಲು ಹಳಿಯ ಕಡೆಗೆ. ಅದನ್ನು ತಂದವನೂ ನಾನೇ.

ಈಗ ಒಂದು ವಿಷಯ. ಯಾರಿಗೂ ಹೇಳಿಲ್ಲ.
ಕಾಲೇಜಿನ ಟೇಪು ಕಳೆದುಹೋಗಿ ಒಂಬತ್ತು ವರ್ಷ.
ಗೋಲಿನ ಗೆರೆಯಿಂದ ಹನ್ನೆರಡು ಹೆಜ್ಜೆ ಎಣಿಸಿ
ಪೆನಾಲ್ಟಿಯ ಚುಕ್ಕೆ ಇಡುತ್ತೇನೆ.
ಮಂಡಿ ಹಿಡಿದುಕೊಂಡ ಮೇಲೆ ಹೆಜ್ಜೆ ಸಣ್ಣದಾಗಿದೆ.
ವರ್ಷಕ್ಕೆ ನಾಲ್ಕು ಬೆರಳು, ಒಂದು ಗೇಣು,
ಚುಕ್ಕೆ ಗೋಲಿನ ಹತ್ತಿರ ಹತ್ತಿರ ಬರುತ್ತಾ ಉಂಟು.
ಯಾವ ರೆಫ್ರಿಯೂ ಕೇಳಲಿಲ್ಲ. ಯಾವ ಟೀಮೂ ಕೇಳಲಿಲ್ಲ.
ಅಷ್ಟು ಹತ್ತಿರದಿಂದಲೂ ಮೇಲೆ ಹೊಡೆದನಲ್ಲ ಪಾಪಿ!
ಎಂದು ಕೂಗಲಿಕ್ಕೆ ಎದ್ದವನು
ಬಾಯಿ ಮುಚ್ಚಿ ಕೂತೆ.
ಎಂತ ಆಯಿತು ನಿನಗೆ, ಅಂದುಂಞಿ ಕೇಳಿದ. ಮಂಡಿ ಎಂದೆ.

ಸಂಜೆ ಬಲೆ ಬಿಚ್ಚಲಿಕ್ಕೆ ಹೋದಾಗ
ಯಜ್ಞೇಶ ಒಬ್ಬನೇ ಇದ್ದ, ಬೂಟು ಬಿಚ್ಚದೆ.
ಗೋಲಿನ ಗೆರೆಗೆ ಹಿಮ್ಮಡಿ ತಾಗಿಸಿ ಎಣಿಸುತ್ತಾ ಬಂದ.
ಉದ್ದ ಕಾಲಿನ ಹುಡುಗ. ಒಂಬತ್ತು, ಹತ್ತು,
ಹತ್ತಕ್ಕೇ ನನ್ನ ಚುಕ್ಕೆ ದಾಟಿದ.
ನಿಂತ. ತಿರುಗಿ ಚುಕ್ಕೆ ನೋಡಿದ.
ನನ್ನ ಕಡೆ ನೋಡಿದ.
ಏನೂ ಹೇಳದೆ ಇನ್ನೆರಡು ಹೆಜ್ಜೆ ಹಾಕಿ
ಅಲ್ಲಿ ಚೆಂಡು ಇಟ್ಟ.

ಡಬ್ಬಿಯಲ್ಲಿ ಸುಣ್ಣ ಎಷ್ಟು ಉಳಿದಿದೆ ಎಂದು
ನಾನು ಅಲ್ಲಾಡಿಸಿ ನೋಡಿದೆ.