ಹುಲಿಬಿಲ

ಅಮದಳ್ಳಿಯ ಹತ್ತಿರ ಟೆಂಪೊ ಇಳಿದಾಗ ಏಳೂವರೆ.
ಹೈವೇ ದಾಟಿ ಹಳಿಯ ಪಕ್ಕ ನಡೆಯುವಾಗ
ಗುಡ್ಡದೊಳಗೆ ಹೊಕ್ಕ ರೈಲಿನ ಸುರಂಗ ಕಂಡು
ಸಮರ್ಥ ಕುಣಿದ: ಬಂತು ಗವಿ, ಬಂತು!
ಅಲ್ಲವೋ, ಇದು ಸಿಡಿಮದ್ದಿಟ್ಟು ಕೊರೆದದ್ದು,
ಅದು ತಾನಾಗಿಯೇ ಆದದ್ದು, ಎಂದರು ಇವರು.
ತಾನಾಗಿಯೇ ಅಂದರೆ ಯಾರು? ಅಂದ.
ಯಾರಿಗೂ ಹೊಳೆಯಲಿಲ್ಲ. ಏರು ಶುರುವಾಯಿತು.

ಏರು ಅಂದರೆ ಅಂಥದ್ದೇನಲ್ಲ, ಮುಕ್ಕಾಲು ಗಂಟೆ.
ಗೇರುಮರದ ಚೂರುಪಾರು ನೆರಳು,
ಕೆಳಗೆ ಬಿದ್ದು ಒಡೆದ ಹಣ್ಣಿನ ಹುಳಿವಾಸನೆ,
ಋತುಜಾಳ ಕುತ್ತಿಗೆಗೆ ಒಂದು ಚಗಳಿ.
ನಾನು ಅಣ್ಣಿಗೇರಿ ಕಡೆಯ ಎರೆಹೊಲದವಳು;
ನಮ್ಮಲ್ಲಿ ನೆಲ ಬಾಯಿಬಿಟ್ಟರೆ ಬಿರುಕು, ಅಷ್ಟೆ.
ಕಾಲೂರಿದಲ್ಲೆಲ್ಲ ಜಾರುವ ಈ ತರಗೆಲೆ ನನಗೆ ಹೊಸದು,
ಹದಿಮೂರು ವರ್ಷವಾದರೂ ಹೊಸದು.

ಅತ್ತೆ ಮಾತ್ರ ಎಲ್ಲರಿಗಿಂತ ಮುಂದೆ.
ಅರವತ್ತೆಂಟರ ಶೇವಂತಿಬಾಯಿ,
ಸೀರೆ ಮೇಲೆತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು.
ಸಕ್ಕರೆ ಕಾಯಿಲೆ, ಮಂಡಿನೋವು, ಕಣ್ಣಿನ ಪೊರೆ:
ದಿನಾ ಕೇಳುವ ಆ ಪಟ್ಟಿ ಟೆಂಪೊದಲ್ಲೇ ಮರೆತುಬಂದಿತ್ತೇನೋ.
ಮನೆಯಲ್ಲಿ ನನ್ನೊಡನೆ ಅವರದು ಕೊಂಕಣಿ,
ಅವರೊಡನೆ ನನ್ನದು ಕನ್ನಡ;
ನಡುವೆ ಮಕ್ಕಳು,
ಎರಡೂ ದಡಕ್ಕೆ ಹಾಯುವ ತಾರಿದೋಣಿ.

ವಾಗಾಬೀಳ, ಎಂದು ನಿಂತರು.
ಹುಲಿಬಿಲ, ಎಂದರು ಇವರು ನನಗಾಗಿ.
ಹುಲಿ ಹಾಗಿರಲಿ, ಬೆಕ್ಕೂ ಬಗ್ಗಬೇಕು:
ಚಿರೆಕಲ್ಲಿನ ಹುಬ್ಬಿನಡಿ ಅರೆತೆರೆದ ಒಂದು ಕಣ್ಣು.
ಆ ಕಣ್ಣಿನೆದುರು ಕಡಲು. ಕಡಲಿಗೂ ನಮಗೂ ನಡುವೆ
ನೌಕಾನೆಲೆಯ ಉದ್ದಾನುದ್ದ ಗೋಡೆ.
ಋತುಜಾ ಮೊಬೈಲ್ ಎತ್ತಿದಳು. ಆ ಕಡೆ ಬೇಡ, ಎಂದರು ಇವರು.
ಗೋಡೆಯಾಚೆ ಎಲ್ಲೋ ಅತ್ತೆ ಹುಟ್ಟಿದ ಮನೆಯ ಬಾವಿ ಇದೆಯಂತೆ.
ಅವರು ಅತ್ತ ತಿರುಗಲೂ ಇಲ್ಲ;
ತಲೆ ತಗ್ಗಿಸಿ ಒಳಗೆ ಹೋಗಿಯೇ ಆಗಿತ್ತು.

ಒಳಗೆ ತಂಪು, ಬಾವಲಿ ಹಿಕ್ಕೆಯ ಘಾಟು.
ಹತ್ತು ಹೆಜ್ಜೆಗೆ ಗವಿ ಎಡಕ್ಕೆ ತಿರುಗುತ್ತದೆ,
ಬೆಳಕು ತಿರುಗುವುದಿಲ್ಲ.
ಮಕ್ಕಳು ಅಪ್ಪನ ಅಂಗಿ ಹಿಡಿದು ಹೊರಗೇ ಉಳಿದರು.
ನನ್ನ ಬ್ಯಾಟರಿ ಎರಡು ಸಲ ಮಿಣುಕಿ ಸತ್ತಿತು.
ಅಂಥ ಕತ್ತಲೆ ನಾನು ಕಂಡಿರಲಿಲ್ಲ.
ಕಂಡೆ ಅನ್ನುವುದಾದರೂ ಹೇಗೆ?
ಕಣ್ಣು ತೆರೆದಿದೆಯೋ ಮುಚ್ಚಿದೆಯೋ
ಬೆರಳಿಟ್ಟು ನೋಡಿಕೊಳ್ಳಬೇಕಾಯಿತು.

ಹಾತ ದಿ, ಅಂತು ಕತ್ತಲೆ.
ಕೊಟ್ಟೆ.
ಒರಟು ಅಂಗೈ, ಹೆಬ್ಬೆರಳಲ್ಲಿ ಈಳಿಗೆ ಕೊರೆದ ಗೆರೆ.
ಆ ಕೈ ನನ್ನ ಕೈಯನ್ನು ಗೋಡೆಗುಂಟ ನಡೆಸಿತು:
ತೇವ, ತೂತು, ತರಿ, ಮತ್ತೆ ತೇವ,
ಆಮೇಲೆ ಮೊಳಕೈವರೆಗೆ ನುಂಗುವ ಒಂದು ಗೂಡು.
ಆಗ ಕನ್ನಡದಲ್ಲಿ, ಒಂದೊಂದೇ ಮಾತು,
ಸಂತೆಯಲ್ಲಿ ಚಿಲ್ಲರೆ ಎಣಿಸಿದ ಹಾಗೆ:

ಇಲ್ಲಿ ನಾನು, ಬುದವಂತಿ, ಬೀಡಿ ಇಡುದಾಗಿತ್ತು.
ಸೊಪ್ಪಿಗೆ ಬರುದು. ಹೊರೆ ಕಟ್ಟುದು. ಸೇದುದು.
ಅವಳ ಅಪ್ಪಂದೇ ಬೀಡಿ. ಕದ್ದದ್ದು.

ಬಿಕ್ಕಳಿಕೆ ಅಂದುಕೊಂಡೆ; ನಗು.
ನಾನೂ ನಕ್ಕೆ. ತಲೆಯ ಮೇಲೆ ಎಷ್ಟೋ ರೆಕ್ಕೆಗಳು
ಕೊಡೆ ಬಿಚ್ಚಿ ಮಡಚಿದವು.
ಗೂಡಿನಲ್ಲಿ ಸಿಕ್ಕಿದ್ದು ಮುಳ್ಳುಹಂದಿಯ ಒಂದು ಮುಳ್ಳು.
ಬುದವಂತಿ ಈಗೆಲ್ಲಿ? ಹೆದರುತ್ತಲೇ ಕೇಳಿದೆ.
ಎಲ್ಲಿ ಅಂದ್ರೆ? ಕಾಲನಿಯಲ್ಲೇ. ಮೂರು ಮನೆ ಆಚೆ.
ಸೈಟಿನ ಗಡಿಗೆ ಜಗಳ. ಇಪ್ಪತ್ತು ವರ್ಷ, ಮಾತಿಲ್ಲ.

ನಳದ ಹತ್ತಿರ ಕೊಡ ಕುಕ್ಕಿ ಮುಖ ತಿರುಗಿಸುವ ಆ ಅಜ್ಜಿ!

ಹೊರಗೆ ಬಿಸಿಲು ಕಪಾಳಕ್ಕೆ ಹೊಡೆಯಿತು.
ಸಮರ್ಥ ಬನ್ಸ್ ತಿನ್ನುತ್ತಿದ್ದ, ಬಾಯಿ ತುಂಬಾ ಪ್ರಶ್ನೆ:
ಹುಲಿ ಇತ್ತಾ? ಎಷ್ಟು ಇದ್ದವು?
ಎರಡು, ಎಂದೆ.
ಅತ್ತೆ ಮುಳ್ಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತ
ನನ್ನತ್ತ ನೋಡಲಿಲ್ಲ.

ರಾತ್ರಿ ದೇವರ ಮುಂದಿನ ಬೆಂಕಿಪೊಟ್ಟಣ ಕಾಣಲಿಲ್ಲ.
ಹಿತ್ತಿಲ ಬಾಗಿಲು ತೆರೆದಿತ್ತು.
ನಾನು ಹುಡುಕಲು ಹೋಗಲಿಲ್ಲ;
ಒಲೆಗೆ ಲೈಟರ್ ಇದೆಯಲ್ಲ.