ನೂರರ ತನಕ

“ನಿಮ್ಮನ್ನೆಲ್ಲ ಯಾರು ನೋಡಿಕೊಳ್ಳುತ್ತಿದ್ದರು?”
ಚಪಾತಿ ಹರಿಯುತ್ತ ಕೇಳಿದಳು ಮಗಳು.
ಪದವಿನ ಕತೆ ಹೇಳುತ್ತಿದ್ದೆ:
ನಬೀಸ, ಐತ್ತಪ್ಪ, ಲಿಲ್ಲಿ ಕ್ರಾಸ್ತ, ನಾನು,
ನಾಲ್ಕು ಗಂಟೆಗೆ ಮುರಕಲ್ಲಿನ ಮೇಲೆ ಚೀಲ ಎಸೆದರೆ
ಮನೆ ಸೇರುವುದು ಬಾವಲಿ ಹೊರಟ ಮೇಲೆ.

ಯಾರೂ ಇಲ್ಲ ಅಂದೆ.
ಅವಳಿಗೆ ನಂಬಿಕೆ ಬರಲಿಲ್ಲ.
ಟೀಚರು? ಆಯಾ? ಅಜ್ಜಿಯಾದರೂ?

ಅಜ್ಜಿ ಬೀಡಿ ಕಟ್ಟುತ್ತಿದ್ದರು ಮಾರಾಯ್ತಿ,
ಸಾವಿರ ಆಗದೆ ತಲೆ ಎತ್ತುವವರಲ್ಲ.
ಕುಂಟಲ ಹಣ್ಣು ತಿಂದು ಯಾರ ನಾಲಗೆ ಹೆಚ್ಚು ನೀಲಿ ಎಂಬುದು
ಪೆರ್ಲದಲ್ಲಿ ನಿಂತ ಬಸ್ಸಿನ ಕನ್ನಡಿಯಲ್ಲಿ ತೀರ್ಮಾನ.
ಗೇರುಹಣ್ಣಿನ ಕಲೆ ಹೋಗುವಂಥದ್ದಲ್ಲ;
ಮುಂದಿನ ವರ್ಷ ತಮ್ಮನಿಗೆ
ಅಂಗಿಯೂ ಸಿಕ್ಕಿತು, ಕಲೆಯೂ.

ಮತ್ತೆ ಸುರಂಗ.
ಐತ್ತಪ್ಪನ ಅಪ್ಪ ತೋಡಿದ್ದು, ಗುಡ್ಡದ ಹೊಟ್ಟೆಯೊಳಗೆ ನಲವತ್ತು ಕೋಲು.
ಬಗ್ಗಿ ಬಗ್ಗಿ ಹೋಗಿ, ಕೊನೆಯಲ್ಲಿ
ಒಸರುವ ನೀರಿಗೆ ಅಂಗೈ ಒತ್ತಿ
ಬತ್ತಿ ಊದಿಬಿಡುವುದು. ಮೊದಲು ಕೂಗಿದವರು ಸೋತರು.
ಶಾಲೆಯಲ್ಲಿ ಎಲ್ಲರಿಗೂ ಕನ್ನಡ;
ಆ ಕತ್ತಲಲ್ಲಿ ಮಾತ್ರ
ಅಪ್ಪೇ, ಉಮ್ಮಾ, ಮಾಂಯ್.

ಯಾರೂ ನೋಡಲಿಲ್ಲ ಎಂದೆನಲ್ಲ,
ಅದು ಪೂರ್ತಿ ನಿಜವಲ್ಲ.
ಒಬ್ಬ ನೋಡುತ್ತಿದ್ದ, ಮೇಲಿನಿಂದ.
ವರ್ಷಕ್ಕೆ ಎರಡು ಮೂರು ಸಲ
ಗೇರುತೋಟದ ತಲೆ ಸವರುವ ಹಾಗೆ ಹೆಲಿಕಾಪ್ಟರ್.
ಬಾವಿ ಮುಚ್ಚಿಕೊಳ್ಳಿ ಎಂದು ಹಿಂದಿನ ದಿನ
ಜೀಪಿನಲ್ಲಿ ಕೂಗಿಕೊಂಡು ಹೋಗಿದ್ದರು.
ಬಾವಿ ಇದ್ದವರು ಮಡಲು ಮುಚ್ಚಿದರು.
ಸುರಂಗಕ್ಕೆ ಎಂಥದು ಮುಚ್ಚುವುದು?

ನಾವು ಅದರ ನೆರಳನ್ನು ಅಟ್ಟಿಕೊಂಡು ಓಡಿದೆವು.
ಬಿಳಿ ಮಂಜು ಇಳಿಯುತ್ತಿತ್ತು
ತಲೆಗೆ, ರೆಪ್ಪೆಗೆ,
ಕೂಗಿ ಕೂಗಿ ತೆರೆದೇ ಇದ್ದ ಬಾಯಿಗೆ.
ಒಳಗಿದ್ದವನು ಒಮ್ಮೆ ತಿರುಗಿ ಕೈ ಎತ್ತಿದ ಎಂದು
ನಬೀಸ ಇವತ್ತಿಗೂ ಆಣೆ ಹಾಕುತ್ತಾಳೆ.
ಎಷ್ಟು ಖುಷಿಯಾಗಿತ್ತು ನಮಗೆ!

ಇದನ್ನು ಮಗಳಿಗೆ ಹೇಳಲಿಲ್ಲ.

ಮರುವರ್ಷ ಐತ್ತಪ್ಪನಿಗೆ ತಮ್ಮ ಹುಟ್ಟಿದ.
ಬಾಬು ಎಂದು ಕರೆದದ್ದು ಹಾಗೆಯೇ ಉಳಿಯಿತು.
ಕತ್ತು ನಿಲ್ಲಲಿಲ್ಲ.
ಮೂವತ್ತೈದು ಈಗ. ದೇಯಕ್ಕ ಬೆಳಿಗ್ಗೆ
ಎತ್ತಿ ಜಗಲಿಗೆ ತರುತ್ತಾರೆ, ಬಿಸಿಲು ಬಂದರೆ ಒಳಗೆ.
ಅಷ್ಟು ವರ್ಷದಿಂದ ಅವರು
ಒಂದು ಮದುವೆಗೆ ಹೋದವರಲ್ಲ,
ಒಂದು ರಾತ್ರಿ ಪೂರ್ತಿ ಕಣ್ಣು ಮುಚ್ಚಿದವರಲ್ಲ.
ಪದವಿನಲ್ಲಿ ಓಡಿದ್ದು ನಾವು ನಾಲ್ಕು ಮಂದಿ.
ಐದನೆಯವನ ಪಾಲಿನ ಓಟ
ಅಲ್ಲೇ ಎಲ್ಲೋ ಬಿದ್ದುಕೊಂಡಿರಬೇಕು.

ಈಗ ನನ್ನ ಮೊಬೈಲಿನಲ್ಲಿ ಶಾಲೆಯ ವ್ಯಾನು
ಸಾಸಿವೆಯಷ್ಟು ದೊಡ್ಡದು, ಚೆರ್ಕಳ ದಾಟಿ
ವಿದ್ಯಾನಗರದ ಕಡೆಗೆ ಹರಿಯುತ್ತದೆ.
ಎಲ್ಲಾದರೂ ಎರಡು ನಿಮಿಷ ನಿಂತರೆ
ಒಲೆಯ ಮೇಲೆ ಹಾಲು ಉಕ್ಕಿದ್ದು ಗೊತ್ತಾಗುವುದಿಲ್ಲ.
ನಾನು ಮೇಲಿನಿಂದ ನೋಡುತ್ತೇನೆ.
ಸಾಸಿವೆಗೆ ಕೈ ಬೀಸಲು ಬರುವುದಿಲ್ಲ.

ಹೋದ ಶನಿವಾರ ಅವಳನ್ನು ಕರೆದುಕೊಂಡು ಹೋದೆ.
ಪದವಿನ ಅರ್ಧ ಕಲ್ಲಿನ ಕೋರೆ, ಇನ್ನರ್ಧಕ್ಕೆ ತಂತಿಬೇಲಿ.
ಉಳಿದದ್ದರಲ್ಲಿ ನಿಂತು ಅವಳು
ಯಾರೂ ಹೇಳದೆಯೇ ಚಪ್ಪಲಿ ಕಳಚಿದಳು.
ಅಲ್ಲಿ ಮುಳ್ಳುಂಟು, ಹಾವುಂಟು, ಆ ಕೋರೆಯ ಹತ್ತಿರ...
ನಾನು ಸುರು ಮಾಡಿದೆ.
“ಅಮ್ಮ, ನೀನು ಎಣಿಸು. ನೂರರ ತನಕ.
ನೋಡಬಾರದು.”

ಗೇರುಮರಕ್ಕೆ ಹಣೆ ಕೊಟ್ಟೆ.
ಅಂಟಿನ ವಾಸನೆ, ಇರುವೆ, ಕಣ್ಣಿನೊಳಗೆ ಕೆಂಪು.
ಹನ್ನೊಂದರ ತನಕ ಹೆಜ್ಜೆ ಕೇಳುತ್ತಿತ್ತು.
ಇಪ್ಪತ್ತೆಂಟಕ್ಕೆ ಒಮ್ಮೆ ತರಗೆಲೆ.
ಆಮೇಲೆ ಇಲ್ಲ.
ಚೀಲದಲ್ಲಿ ಮೊಬೈಲು ಗುಂಯ್ ಎಂದು ಸುಮ್ಮನಾಯಿತು.
ಮೂವತ್ತೊಂಬತ್ತು.

ಐತ್ತಪ್ಪ ಎಣಿಸುವಾಗ
ನಲವತ್ತರಿಂದ ಎಂಬತ್ತಕ್ಕೆ ಹಾರುತ್ತಿದ್ದ, ಕಳ್ಳ.

ನಲವತ್ತು.
ನಲವತ್ತೊಂದು.